ಕಂಡಿಕೆ ನೆನೆಸುವ ಬಟ್ಟಲು

1984ರ ಏಪ್ರಿಲ್ 20, ಶುಭ ಶುಕ್ರವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಐವತ್ತೆರಡು ಕಿಲೋ ಆರುನೂರು ಗ್ರಾಂ. ಎರಡೇ ದಿನದಲ್ಲಿ ಒಂದು ಕಿಲೋ ಎಂಟುನೂರು ಏರಿತ್ತು.

ಅಪ್ಪ ನಂಜಪ್ಪನ್‌ಗೆ ಎರಡು ಮೂತ್ರಪಿಂಡಗಳೂ ಸೋತಿದ್ದವು. ದಿನಕ್ಕೆ ಐನೂರು ಮಿಲಿಲೀಟರ್ ನೀರು ಮಾತ್ರ, ಮೀರಿದರೆ ಶ್ವಾಸಕೋಶ ತುಂಬಿ ಉಸಿರು ನಿಲ್ಲುತ್ತದೆ ಎಂದು ಕೊಯಮತ್ತೂರಿನ ವೈದ್ಯರು ಹೇಳಿದ್ದರು. ಬೇರೆ ಚಿಕಿತ್ಸೆಯ ಮಾತನ್ನು ಅವರು ಎತ್ತಲಿಲ್ಲ. ಪೊಳ್ಳಾಚಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ರಜೆ ಹಾಕಿ ನಮ್ಮೂರು ನೆಗಮಕ್ಕೆ ಬಂದಿದ್ದೆ. ಕುಡಿಯುವ ನೀರಿನ ಕೊಡಗಳನ್ನೆಲ್ಲ ಅಡುಗೆಮನೆಯಲ್ಲಿಟ್ಟು ಬೀಗ ಹಾಕಿ, ಅಳತೆಯ ಗಾಜಿನಲ್ಲಿ ನಾನೇ ಅಳೆದು ಕೊಡುತ್ತಿದ್ದೆ.

ಅಮ್ಮ ಕದ್ದು ಕೊಡುತ್ತಿದ್ದಾಳೆಂದು ಅವಳ ಮೇಲೆ ಸಿಡುಕಿದೆ. ತಾನು ಕೊಟ್ಟಿಲ್ಲವೆಂದು ಒಂದೇ ಸಲ ಹೇಳಿ ಅವಳು ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿದಳು.

ಆ ಮಧ್ಯಾಹ್ನ ಪೊಳ್ಳಾಚಿಯ ಚರ್ಚಿನಲ್ಲಿ, ಯೇಸು ಶಿಲುಬೆಯ ಮೇಲೆ ಆಡಿದ ಒಂದೊಂದು ಮಾತಿನ ಮೇಲೆ ಒಬ್ಬೊಬ್ಬರು ಮಾತನಾಡಬೇಕಿತ್ತು. ಓದುವಾಗ ದೀಕ್ಷಾಸ್ನಾನ ತೆಗೆದುಕೊಂಡಿದ್ದ ನನ್ನ ಪಾಲಿಗೆ ‘ನನಗೆ ಬಾಯಾರಿಕೆಯಾಗಿದೆ’ ಎಂಬ ಅವನ ಮಾತು ಬಂದಿತ್ತು. ಬಾಯಾರಿದವನಿಗೆ ಕೊಟ್ಟ ನೀರು ಯೇಸುವಿಗೇ ಸೇರುತ್ತದೆ ಎಂದು ನಾಲ್ಕು ಪುಟ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಬಸ್ಸು ಹತ್ತು ನಲವತ್ತಕ್ಕೆ.

ಹತ್ತೂವರೆಗೆ ಹೇಳಿಹೋಗಲೆಂದು ಮಗ್ಗದ ಕೋಣೆಗೆ ಬಂದೆ. ಅಪ್ಪ ರಾಟೆಯ ಮುಂದೆ ಕೂತು, ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗಳಾದ ಕಂಡಿಕೆಗಳಿಗೆ ಹೊಕ್ಕಿನ ನೂಲು ಸುತ್ತುತ್ತಿದ್ದ. ಬೇಸಿಗೆಯಲ್ಲಿ ಕಂಡಿಕೆಗಳನ್ನು ನೆನೆಸದಿದ್ದರೆ ನೇಯುವಾಗ ನೂಲು ಕಡಿಯುತ್ತದೆ. ಅದಕ್ಕೆಂದು ದಿನಾ ಬೆಳಿಗ್ಗೆ, ಅಪ್ಪನೇ ಹೇಳಿ, ನನ್ನ ಕೈಯಿಂದ ಅವನ ಪಕ್ಕದ ಬಟ್ಟಲಿಗೆ ಒಂದು ಲೀಟರ್ ಹುಯ್ಯಿಸಿಕೊಳ್ಳುತ್ತಿದ್ದ. ಅಪ್ಪನ ನೀರಿನ ಲೆಕ್ಕ ಇಡುವ ನನ್ನ ಪುಸ್ತಕದಲ್ಲಿ ಅದನ್ನು ಬರೆದಿರಲಿಲ್ಲ. ನಮ್ಮ ಮನೆಯಲ್ಲಿ ಅದು ನೂಲಿನ ನೀರು, ಯಾರೂ ಕುಡಿದದ್ದಿಲ್ಲ.

ಅಪ್ಪ ಬಟ್ಟಲೆತ್ತಿ ಕುಡಿಯುತ್ತಿದ್ದ. ನನ್ನನ್ನು ನೋಡಿದರೂ ಬಾಯಲ್ಲಿದ್ದ ಗುಟುಕು ಮುಗಿಸಿಯೇ ಕೆಳಗಿಟ್ಟ.

"ಕಣ್ಣು, ನಿನ್ ಸಾಮಿ ಶಿಲುವೆ ಮೇಲೆ ನೀರು ಕೇಳ್ದಾಗ ಏನ್ ಕೊಟ್ರು?"

"ಹುಳಿ ಹಿಡಿದ ದ್ರಾಕ್ಷಾರಸ, ಅಪ್ಪ. ಸ್ಪಂಜಲ್ಲಿ ಅದ್ದಿ."

"ಅವ್ನನ್ನ ಕೊಂದವ್ರೂ ಅಳ್ದು ಕೊಡ್ಲಿಲ್ಲ, ನೋಡು."

ಅಮ್ಮನ ಕಾಲು ಮಗ್ಗ ತುಳಿಯುವ ಮೆಟ್ಟಿನ ಮೇಲೆ ನಿಂತುಹೋಯಿತು. ಬಟ್ಟಲು ನನ್ನಿಂದ ಎರಡು ಮೊಳ ದೂರದಲ್ಲಿತ್ತು. ಕಿತ್ತುಕೊಳ್ಳಬಹುದಿತ್ತು. ಅಪ್ಪನ ತುಟಿಗಳು ಒಡೆದು, ನಾಲಿಗೆ ಬೆಳ್ಳಗಾಗಿ ದಪ್ಪವಾಗಿತ್ತು. ಹದಿನಾರು ದಿನ ಅಳೆದು ಕೊಡುವಾಗ ನಾನು ನೋಡಿದ್ದು ಗಾಜಿನ ಗೆರೆಯನ್ನು.

"ಇದನ್ನ ಕುಡಿದ್ರೆ ಏನಾಗುತ್ತೆ ಅಂತ ಗೊತ್ತಲ್ಲಪ್ಪ," ಎಂದೆ.

"ಗೊತ್ತು," ಎಂದ ಅಪ್ಪ. "ಕುಡೀದಿದ್ರೆ ಏನಾಗುತ್ತೆ ಅಂತ ನಿಂಗೆ ಗೊತ್ತಿಲ್ಲ."

ಬಸ್ಸಿನ ಹಾರ್ನ್ ಕೇಳಿ ದೂರವಾಯಿತು. ನಾನು ಗುಂಡಿಯ ಅಂಚಿನಲ್ಲಿ ಕೂತೆ. ಕೊಡುವ ಶಕ್ತಿ ಕೊಡೆಂದು ಬೇಡಲೋ, ಕಿತ್ತುಕೊಳ್ಳುವ ಶಕ್ತಿ ಕೊಡೆಂದು ಬೇಡಲೋ ತಿಳಿಯದೆ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ನಾನು ನೆಲ ನೋಡುತ್ತಿರುವಾಗ ಬಟ್ಟಲು ಇನ್ನೂ ಎರಡು ಸಲ ಮೇಲೆದ್ದ ಸದ್ದಾಯಿತು.

ಮೂರು ಗಂಟೆಗೆ ಅಪ್ಪ ಗೋಡೆಗೊರಗಿ ನಿದ್ದೆಹೋದ. ಉಸಿರಿನಲ್ಲಿ ಸಣ್ಣ ಗೊರಗೊರ ಶುರುವಾಗಿತ್ತು. ಕಂಡಿಕೆಗಳನ್ನು ತೆಗೆದು, ಹಿಂಡಿ, ಅವು ಹೀರಿದ್ದನ್ನು ಬೇರೆ ಅಳೆದೆ: ಎಂಬತ್ತು. ಬಟ್ಟಲಿನಲ್ಲಿ ಉಳಿದಿದ್ದ ನೀರು ಮುನ್ನೂರ ಮೂವತ್ತು ಮಿಲಿಲೀಟರ್. ಬೆಳಿಗ್ಗೆ ನಾನು ಹುಯ್ದ ಲೀಟರಿನಲ್ಲಿ ಐನೂರ ತೊಂಬತ್ತು ಅಪ್ಪನೊಳಗೆ ಹೋಗಿತ್ತು.