ಇಪ್ಪತ್ತಮೂರು ಜನ ತೆರೆದ ಕಾಗದ

ಕಂಪನಿಗೆ ಪೋರ್ಟಲ್ ಬರುವ ಮೊದಲು ನಮ್ಮ ಕಾಗದಪತ್ರಗಳೆಲ್ಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಓಡಾಡುತ್ತಿದ್ದವು. ಗುಲಾಬಿ ಹೂವಿನ ಶುಭೋದಯದ ಕೆಳಗೆ ಲಾರಿಯ ರಸೀದಿ, ಅದರ ಕೆಳಗೆ ಯಾರದೋ ಮಗುವಿನ ನಾಮಕರಣ, ಅದರ ಕೆಳಗೆ ಗೊಬ್ಬರದ ಬಿಲ್ಲು. ಕುಶಾಲನಗರದಲ್ಲಿ ಕಾಫಿ ಗೋದಾಮು, ಅದರ ಪಕ್ಕದಲ್ಲೇ ನಮ್ಮ ಆಫೀಸು. ಚೆಟ್ಟಳ್ಳಿಯಲ್ಲಿ ಒಂದು ಎಸ್ಟೇಟ್, ತಿತಿಮತಿಯಲ್ಲಿ ಇನ್ನೊಂದು. ಆಫೀಸಿನವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗಳು, ಮೇಸ್ತ್ರಿಗಳು, ಡ್ರೈವರ್‌ಗಳು, ಕಾವಲಿನವರು ಎಲ್ಲ ಸೇರಿ ನಲವತ್ತೊಂದು ಜನ. ಹೋದ ತಿಂಗಳ ಒಂದು ಕಾಗದ ಬೇಕೆಂದರೆ ಹೆಬ್ಬೆರಳು ನೋಯುವವರೆಗೆ ಫೋನು ಉಜ್ಜಬೇಕು. ಈ ಗೋಳು ಸಾಕಾಗಿ ಮಾಲೀಕರ ಮಗಳು ಅಮೃತಾ ಪೋರ್ಟಲ್ ತರಿಸಿದರು. ಹದಿಮೂರು ವರ್ಷದಿಂದ ಫೈಲು ಜೋಡಿಸುತ್ತಿದ್ದವಳು ನಾನಾದ್ದರಿಂದ ಅದರ ಉಸ್ತುವಾರಿಯೂ ನನಗೇ ಬಂತು.

ಕಲಿಸಲು ಮೈಸೂರಿನಿಂದ ಕಿರಣ್‌ಕುಮಾರ್ ಎಂಬುವರು ಎರಡು ದಿನ ಬಂದಿದ್ದರು. ಅವರು ಕಂಪ್ಯೂಟರ್ ಮುಟ್ಟಲು ಬಿಡುವ ಮೊದಲು ಕೈಗೆ ಪೆನ್ನು ಕೊಟ್ಟರು. ಯಾರ ಕೆಲಸಕ್ಕೆ ಯಾವ ಕಾಗದ ಬೇಕು, ಅದನ್ನು ಮೊದಲು ಬರೆದುಕೊಳ್ಳಿ ಎಂದರು. ಒಂದೊಂದು ಬಗೆಯ ಕಾಗದಕ್ಕೆ ಒಂದೊಂದು ಫೋಲ್ಡರ್. ಜನರನ್ನು ಕೆಲಸಕ್ಕೆ ತಕ್ಕಂತೆ ಗುಂಪು ಮಾಡಿ ಆ ಗುಂಪಿಗೆ ಅನುಮತಿ ಕೊಡಬೇಕು; ಕೆಲವರಿಗೆ ನೋಡಲು ಮಾತ್ರ, ಕೆಲವರಿಗೆ ತಿದ್ದಲು, ಒಬ್ಬರಿಗೋ ಇಬ್ಬರಿಗೋ ಪೂರ್ತಿ ಅಧಿಕಾರ. ಯಾವ ಕಾಗದವನ್ನು ಯಾರು ಎಷ್ಟು ಹೊತ್ತಿಗೆ ತೆರೆದರು ಎಂಬುದು ತಾನಾಗಿ ದಾಖಲಾಗುತ್ತದೆ.

"ಕಡಿಮೆ ಜನರಿಂದ ಶುರು ಮಾಡಿ ಮೇಡಂ," ಎಂದರು ಹೋಗುವಾಗ. "ಬೇಕಾದವರು ತಾವೇ ಬಂದು ಕೇಳ್ತಾರೆ. ಒಂದ್ಸಲ ತೋರಿಸಿದ್ದನ್ನ ಮತ್ತೆ ಮುಚ್ಚೋಕಾಗಲ್ಲ."

ಮರುದಿನ ಬೆಳಿಗ್ಗೆ ಇಡ್ಲಿ ಬೇಯುವಷ್ಟರಲ್ಲಿ ಮಗಳು ಅನುಶ್ರೀಯ ಹಳೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಲಾರಿ ಕಾಗದ ಡ್ರೈವರ್‌ಗಳಿಗೆ, ಗೋದಾಮಿನವರಿಗೆ. ಮಳೆ, ಗೊಬ್ಬರದ ವಿವರ ಎರಡೂ ಎಸ್ಟೇಟಿನವರಿಗೆ. ರಜೆ ಅರ್ಜಿ, ಆಸ್ಪತ್ರೆ ಕಾಗದಗಳ ಫೋಲ್ಡರ್ ಮಾತ್ರ ನಾಲ್ಕೇ ಜನಕ್ಕೆ.

ಮ್ಯಾನೇಜರ್ ಶಶಿಕುಮಾರ್ ಆ ಪಟ್ಟಿಯನ್ನು ನೋಡಿ ಮುಖ ಸಣ್ಣ ಮಾಡಿದರು.

"ಏನ್ ಕಾವ್ಯಶ್ರೀ ಅವರೇ, ಮದುವೆ ಕಾಗದ ಹಂಚಿಲ್ವ ನೀವು ಯಾವತ್ತೂ? ಕೇರಿಯಲ್ಲಿ ಒಂದು ಮನೆ ಬಿಟ್ರೆ ಏಳು ವರ್ಷ ಮಾತಾಡಲ್ಲ ಅವರು. ಇಲ್ಲಿ ಮೂವತ್ತೇಳು ಜನಾನ ಬಿಟ್ಟಿದೀರಲ್ಲ."

ಇದು ಕರೆಯೋಲೆ ಅಲ್ಲ ಸರ್, ಎಂದೆ. ಅವರು ನಕ್ಕರು. ಯಾರ ಹೆಸರು ಬಿಟ್ಟರೂ ಬೇಜಾರಾಗುತ್ತದೆ, ಚೆಟ್ಟಳ್ಳಿಯವರನ್ನು ಸೇರಿಸಿ ತಿತಿಮತಿಯವರನ್ನು ಬಿಟ್ಟರೆ ಜಗಳವಾಗುತ್ತದೆ, ಒಂದೇ ಸಲಕ್ಕೆ 'ಎಲ್ಲರೂ' ಎಂದು ಹಾಕಿಬಿಡಿ ಎಂದರು. ಹಾಕಿದೆ. ಅವರ ಕೈ ಬಾಗಿಲ ಮೇಲಿತ್ತು, ನನ್ನ ಕೈ ಮೌಸಿನ ಮೇಲಿತ್ತು. ಒತ್ತಿದ್ದು ನನ್ನ ಬೆರಳೇ.

ಮಾರ್ಚ್ ಇಪ್ಪತ್ತೊಂದಕ್ಕೆ ತಿತಿಮತಿಯ ರೈಟರ್ ಆನಂದ್ ಒಂದು ಕಾಗದ ಹಾಕಿದ. ಆನಂದ್ ಹಾಕುವ ಕಾಗದಗಳು ಯಾವಾಗಲೂ ಮಸುಕಾಗಿರುತ್ತವೆ, ಅಕ್ಷರ ಕಾಣುತ್ತದೋ ಇಲ್ಲವೋ ಎಂದು ತೆರೆದೆ. ಈ ಸಲ ಚೆನ್ನಾಗಿಯೇ ಕಾಣುತ್ತಿತ್ತು. ರಶ್ಮಿತಾ, ಇಪ್ಪತ್ತಾರು ವರ್ಷ, ಎಸ್ಟೇಟಿನ ನರ್ಸರಿಯಲ್ಲಿ ಕೆಲಸ. ಹದಿನಾಲ್ಕು ವಾರಕ್ಕೆ ಗರ್ಭಪಾತ, ಗರ್ಭಕೋಶ ಶುಚಿ ಮಾಡಲಾಗಿದೆ, ಹತ್ತು ದಿನ ವಿಶ್ರಾಂತಿ. ಆ ಹುಡುಗಿಯನ್ನು ನಾನು ಬಲ್ಲೆ. ಕಾಫಿ ಸಸಿಯ ಚೀಲಕ್ಕೆ ಮಣ್ಣು ತುಂಬುವಾಗ ಅವಳಷ್ಟು ಚುರುಕಿನ ಕೈ ಇನ್ನೊಂದಿಲ್ಲ. ಅವಳ ಗಂಡ ಬೊಮ್ಮ ಶಿವಮೊಗ್ಗದ ಕಡೆ ಶುಂಠಿ ಕೀಳುವ ಕೆಲಸಕ್ಕೆ ಹೋಗಿದ್ದ. ಡಿಸೆಂಬರ್ ಕೊನೆಗೆ ನಾಲ್ಕು ದಿನ ಬಂದು ಮತ್ತೆ ಹೋಗಿದ್ದ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ಕಾಗದ ನೋಡಿದಾಗ ಅವಳಿಗಾಗಿ ಮರುಗಿದೆ, ನಿಜ. ಆದರೆ ಅದರ ಹಿಂದೆಯೇ ಮೇಜಿನ ಕೆಳಗೆ ನನ್ನ ಬೆರಳುಗಳು ವಾರಗಳನ್ನು ಎಣಿಸಿದವು. ಲೆಕ್ಕ ಸರಿಯಾಗಿಯೇ ಬಂತು. ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ದಿನದಿಂದ, ಗರ್ಭ ನಿಲ್ಲುವುದು ಅದಾಗಿ ಎರಡು ವಾರಕ್ಕೆ. ಮಕ್ಕಳನ್ನು ಹೆತ್ತವಳಿಗೆ ಅದು ಗೊತ್ತು. ಸರಿ ಬಂತೆಂದು ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ಬಾಯಿ ತೊಳೆದುಕೊಳ್ಳಬೇಕು ಅನಿಸುತ್ತದೆ.

ಈ ಫೋಲ್ಡರಿಗಾದರೂ ಬೀಗ ಹಾಕಬೇಕು ಎಂದುಕೊಂಡೆ. ಅಷ್ಟರಲ್ಲಿ ಅನುಶ್ರೀಗೆ ಜ್ವರವೆಂದು ಶಾಲೆಯಿಂದ ಫೋನ್ ಬಂತು. ಕಂಪ್ಯೂಟರ್ ಮುಚ್ಚಿ ಹೊರಟೆ. ಮೂರು ದಿನ ಒದ್ದೆ ಬಟ್ಟೆ, ಗಂಜಿ, ಔಷಧಿ. ರಶ್ಮಿತಾಳ ಕಾಗದ ಮೂರು ದಿನ ಬೀದಿಯಲ್ಲಿ ಬಿದ್ದಿತ್ತು.

ನಾಲ್ಕನೆಯ ದಿನ ಊಟದ ಹೊತ್ತಿಗೆ ಒಳಗೆ ಬಂದರೆ ಲೆಕ್ಕ ವಿಭಾಗದ ಸುದೀಪ್ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದ. ಬಲಗೈ ಅನ್ನದಲ್ಲಿತ್ತು.

"ಹದಿನಾಲ್ಕು ವಾರ ಅಂದ್ರೆ ಡಿಸೆಂಬರ್ ಹನ್ನೆರಡು. ಬೊಮ್ಮ ಬಂದಿದ್ದು ಇಪ್ಪತ್ತಾರಕ್ಕೆ. ಆ ಹದಿನಾಲ್ಕು ದಿನ ಯಾವ ದೇವ್ರು ಡ್ಯೂಟಿ ಮಾಡಿದ್ನೋ."

"ನರ್ಸರಿ ಅಲ್ವ ಮಾರಾಯ," ಎಂದ ಜೀಪ್ ಡ್ರೈವರ್ ದಿಗಂತ್, ಮಜ್ಜಿಗೆ ಸುರಿದುಕೊಳ್ಳುತ್ತಾ. "ಅಲ್ಲಿ ಬೇಗ ಮೊಳಕೆ ಬರುತ್ತೆ."

ಐದಾರು ಜನ ನಕ್ಕರು. ಸುದೀಪನ ತುಟಿಯ ಮೇಲೆ ಒಂದು ಅನ್ನದ ಅಗುಳು ಅಂಟಿ ನಗುವಿಗೆ ಕುಣಿಯುತ್ತಿತ್ತು. ಇವನ ತಂಗಿಯ ಬಾಣಂತನಕ್ಕೆ ನಾನು ಖಾರದ ಪುಡಿ ಮಾಡಿಕೊಟ್ಟಿದ್ದೆ. ಅಕ್ಕ ಅಕ್ಕ ಎಂದು ಬಾಯಿ ತುಂಬ ಕರೆಯುತ್ತಾನೆ. ನನ್ನನ್ನು ಕಂಡವನೇ, ಬನ್ನಿ ಅಕ್ಕ, ಸಾರು ಚೆನ್ನಾಗಿದೆ ಎಂದ. ತಟ್ಟೆ ತೊಳೆಯುವಲ್ಲಿಗೆ ಹೋಗಿ ನಿಂತೆ; ಅಲ್ಲೂ ಅವರ ನಗುವೇ ಕೇಳುತ್ತಿತ್ತು.

ಕಂಪ್ಯೂಟರಿನ ಮುಂದೆ ಕೂತು, ಕಾಗದವನ್ನು ಯಾರ್ಯಾರು ನೋಡಿದರೆಂಬ ದಾಖಲೆ ತೆರೆದೆ. ಇಪ್ಪತ್ತಮೂರು ಜನ. ಮೊದಲನೆಯ ಹೆಸರು ನನ್ನದೇ. ಸುದೀಪ್ ಆರು ಸಲ ತೆರೆದಿದ್ದ, ದಿಗಂತ್ ನಾಲ್ಕು ಸಲ. ಶಶಿಕುಮಾರ್ ಎರಡು ಸಲ, ಒಂದು ಭಾನುವಾರ ಬೆಳಿಗ್ಗೆ, ಮನೆಯಿಂದ. ಚೆಟ್ಟಳ್ಳಿ ಎಸ್ಟೇಟಿನ ಕಾವಲಿನವನು ತೆರೆದಿದ್ದ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಯಾರಿಂದಲೋ ಓದಿಸಿಕೊಂಡಿರಬೇಕು. ಆ ಹೆಸರುಗಳ ಸಾಲನ್ನು ನೋಡುತ್ತಿದ್ದರೆ ಕೊಳೆತ ಹಲಸಿನ ಮೇಲೆ ಕೂತ ನೊಣಗಳನ್ನು ಎಣಿಸಿದಂತಿತ್ತು. ನಾನೂ ಅದರಲ್ಲಿ ಒಂದು.

ಅಂದೇ ಸಂಜೆ ಆನಂದ್ ಫೋನ್ ಮಾಡಿದ. ವಿಶ್ರಾಂತಿಯ ದಿನಗಳಿನ್ನೂ ಮುಗಿಯದಿದ್ದರೂ ರಶ್ಮಿತಾ ಹಿಂದಿನ ದಿನ ಎಸ್ಟೇಟಿನ ಅಂಗಡಿಗೆ ಹೋಗಿದ್ದಳಂತೆ. ಜೀಪ್ ಶೆಡ್ಡಿನ ಹತ್ತಿರ ನಿಂತಿದ್ದವರು ಅವಳನ್ನು ನೋಡಿ ಬೆರಳು ಮಡಚಿ ಎಣಿಸಿದರಂತೆ. ಅವಳು ಸಾಮಾನು ಅಲ್ಲೇ ಬಿಟ್ಟು ಮನೆಗೆ ಹೋದವಳು ಮತ್ತೆ ಹೊರಗೆ ಬಂದಿಲ್ಲ. ಇನ್ನು ಕೆಲಸಕ್ಕೆ ಬರುವುದಿಲ್ಲ, ಹೆಸರು ಹೊಡೆದುಹಾಕಿ ಎಂದು ತಾಯಿ ಮಾರಿಯ ಕೈಲಿ ಹೇಳಿಕಳಿಸಿದ್ದಾಳೆ. ಹೆಸರು ಹೊಡೆದರೆ ಎಸ್ಟೇಟ್ ಕೊಟ್ಟ ಕೂಲಿ ಲೈನಿನ ಮನೆಯನ್ನೂ ಬಿಡಬೇಕು. ಮಾರಿಗೆ ಕಣ್ಣು ಮಂಜಾಗಿ ಕೆಲಸ ನಿಂತು ಎರಡು ವರ್ಷವಾಯಿತು. ಆ ಮನೆ ನಿಂತಿರುವುದೇ ರಶ್ಮಿತಾಳ ಹೆಸರಿನ ಮೇಲೆ.

"ಸೋಮವಾರದವರೆಗೆ ಹೊಡಿಬೇಡ ಆನಂದ್," ಎಂದೆ.

ಮರುದಿನ ಶಶಿಕುಮಾರ್ ಅವರ ಮುಂದೆ ಹೋಗಿ ನಿಂತೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುತ್ತಿದ್ದರು. ಕಾಗದ ಅಳಿಸಿ, ಆ ದಾಖಲೆಯನ್ನೂ ಅಳಿಸಿ, ಮುಗಿಯಿತಲ್ಲ ಎಂದರು. ಕಾಗದ ಅಳಿಸಿದರೂ ಕಸದ ಬುಟ್ಟಿಯಲ್ಲಿ ಮೂರು ತಿಂಗಳು ಇರುತ್ತದೆ, ದಾಖಲೆಯನ್ನು ಅಳಿಸಲು ನನಗೂ ಬರುವುದಿಲ್ಲ, ಅದಿರುವುದೇ ಅದಕ್ಕೆ ಎಂದೆ. ಹಾಗಾದರೆ ಆನಂದ್ ತಪ್ಪು ಜಾಗಕ್ಕೆ ಹಾಕಿದ ಎಂದು ಅಮೃತಾ ಅವರಿಗೆ ಬರೆಯಿರಿ ಎಂದರು.

"ಅವನು ಹಾಕಿದ್ದು ಸರಿಯಾದ ಜಾಗಕ್ಕೇ ಸರ್. ಬಾಗಿಲು ತೆಗೆದಿಟ್ಟಿದ್ದು ನಾವು."

"ಹೆಣ್ಮಕ್ಕಳ ವಿಷಯ. ನೀವೂ ಹೆಣ್ಣು, ಮುಚ್ಚಿ ಹಾಕೋದು ಬಿಟ್ಟು ಕೆದಕ್ತೀರಲ್ಲ." ತೆಗೆದ ಚೂರನ್ನು ನೋಡಿ, ಮೇಜಿನಂಚಿಗೆ ಒರೆಸಿದರು.

ನಾನು ನನ್ನ ಜಾಗಕ್ಕೆ ಬಂದೆ. ನೋಟ್‌ಬುಕ್ಕಿನ ಪಟ್ಟಿ ತೆಗೆದು, ಅದರಲ್ಲಿದ್ದ ಹಾಗೆಯೇ ಒಂದೊಂದು ಫೋಲ್ಡರಿಗೂ ಅನುಮತಿ ಬದಲಾಯಿಸಿದೆ. 'ಎಲ್ಲರೂ' ಎಂಬುದನ್ನು ತೆಗೆದುಹಾಕಿದೆ. ಹತ್ತು ನಿಮಿಷದ ಕೆಲಸ. ಮೊದಲ ದಿನವೇ ಮಾಡಬಹುದಾಗಿದ್ದ ಹತ್ತು ನಿಮಿಷ. ನಡೆದುದನ್ನೆಲ್ಲ, 'ಎಲ್ಲರೂ' ಎಂದು ಒತ್ತಿದ್ದು ನಾನೇ ಎಂಬುದನ್ನೂ ಸೇರಿಸಿ, ಅಮೃತಾ ಅವರಿಗೆ ಬರೆದು ಕಳಿಸಿದೆ. ಆಮೇಲೆ ಇಪ್ಪತ್ತಮೂರು ಹೆಸರಿನ ದಾಖಲೆಯನ್ನು ಎರಡು ಹಾಳೆಯಲ್ಲಿ ಮುದ್ರಿಸಿ ಬ್ಯಾಗಿಗೆ ಹಾಕಿಕೊಂಡೆ.

ಭಾನುವಾರ ಅನುಶ್ರೀಯನ್ನು ಅತ್ತೆಯ ಹತ್ತಿರ ಬಿಟ್ಟು ಸಿದ್ದಾಪುರದ ಮೇಲೆ ತಿತಿಮತಿಗೆ ಹೋದೆ. ಕೈಯಲ್ಲಿ ಆ ಎರಡು ಹಾಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಮಾರಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಒಳಗೆ ರಶ್ಮಿತಾ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನನ್ನನ್ನು ನೋಡಿ ಕಾಲು ಮಡಚಿಕೊಂಡಳು, ಏಳಲಿಲ್ಲ.

ಪೋರ್ಟಲ್ ಎಂದರೇನು, ಅವಳ ಕಾಗದ ಎಲ್ಲಿತ್ತು, ಯಾರು ಹೇಗೆ ನೋಡಿದರು ಎಂದು ಹೇಳಿದೆ. ಈಗ ಮುಚ್ಚಿದ್ದೇನೆ, ನಾಲ್ವರನ್ನು ಬಿಟ್ಟರೆ ಇನ್ನು ಯಾರಿಗೂ ಕಾಣುವುದಿಲ್ಲ ಎಂದೆ.

"ನೋಡಿದೋರ ಕಣ್ಣು ಮುಚ್ಚೋಕಾಗುತ್ತ ಅಕ್ಕ?"

ಹಾಳೆಗಳನ್ನು ಅವಳ ಮುಂದಿಟ್ಟೆ. ಅವಳು ಏಳನೆಯ ತರಗತಿಯವರೆಗೆ ಓದಿದವಳು. ಇಂಗ್ಲಿಷ್ ಹೆಸರುಗಳನ್ನು ಬೆರಳಿಟ್ಟು ಬಿಡಿಸಿ ಓದಿದಳು. ಮೊದಲ ಹೆಸರಿನಲ್ಲೇ ಬೆರಳು ನಿಂತಿತು.

"ಇದು ನೀವಲ್ವ?"

"ನಾನೇ."

"ನೀವೂ ಎಣಿಸಿದ್ರಾ?"

ಬಾಗಿಲಲ್ಲಿ ಸೊಪ್ಪು ಬಿಡಿಸುವ ಸದ್ದು ನಿಂತಿತು. ಇಲ್ಲ ಎನ್ನಬಹುದಿತ್ತು. ಅವಳ ಕಣ್ಣು ಹಾಳೆಯ ಮೇಲೆಯೇ ಇತ್ತು.

"ಎಣಿಸಿದೆ," ಎಂದೆ.

ಅವಳು ಹಾಳೆಗಳನ್ನು ನಾಲ್ಕಾಗಿ ಮಡಚಿ ದಿಂಬಿನ ಕೆಳಗಿಟ್ಟಳು. ಕಾಫಿ ಕೊಡು ಎಂದು ತಾಯಿಗೂ ಹೇಳಲಿಲ್ಲ.

ಸೋಮವಾರ ಎಂಟೂಕಾಲಿಗೆ ಅನುಶ್ರೀಗೆ ಜಡೆ ಹಾಕುತ್ತಿದ್ದಾಗ ಆನಂದ್ ಫೋನ್ ಮಾಡಿದ. ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ರಶ್ಮಿತಾ ಬಂದಳಂತೆ. ರೈಟರ್ ನಿಲ್ಲುವ ಕಲ್ಲಿನ ಮೇಲೆ ಹತ್ತಿ, ಇವತ್ತು ನಾನು ಕೂಗುತ್ತೇನೆ ಎಂದಳಂತೆ. ಎಪ್ಪತ್ತು ಆಳುಗಳೂ ಮೇಸ್ತ್ರಿಗಳೂ ನಿಂತಿದ್ದರು. ಅವಳು ಹಾಳೆ ಬಿಡಿಸಿ, ನನ್ನ ಆಸ್ಪತ್ರೆ ಕಾಗದ ತೆರೆದವರು ಎಂದು ಹೇಳಿ, ಹೆಸರು, ಎಷ್ಟು ಸಲ ಎಂಬುದನ್ನು ಒಂದೊಂದಾಗಿ ಕೂಗಿದಳಂತೆ. ಗೋದಾಮಿಗೆ ಚೀಲ ಒಯ್ಯಲು ಬಂದಿದ್ದ ದಿಗಂತ್ ಜೀಪಿನ ಹಿಂದೆ ಸರಿದನಂತೆ. ಹೆಂಗಸರಲ್ಲಿ ಯಾರೋ, ಮುಂದಕ್ಕೆ ಬಾರಪ್ಪ, ನಾಲ್ಕು ಸಲ ನೋಡಿದೋನೆ, ಎಂದರಂತೆ.

"ಮೊದ್ಲು ನಿಮ್ಮ ಹೆಸರೇ ಓದಿದ್ಲು ಅಕ್ಕ," ಎಂದ ಆನಂದ್.

"ಕೆಲಸಕ್ಕೆ ಹೋದಳಾ?"

"ಹೋದ್ಲು. ನೆರಳಲ್ಲಿ ಕೂತು ಚೀಲ ತುಂಬ್ತಾ ಇದಾಳೆ. ಭಾರ ಎತ್ತಬೇಡ ಅಂದಿದೀನಿ."

ಆಫೀಸಿಗೆ ಹೋದಾಗ ಪೋರ್ಟಲ್ ನನ್ನನ್ನು ಒಳಗೆ ಬಿಡಲಿಲ್ಲ. ಇನ್ನು ಮುಂದೆ ಸುದೀಪ್ ನೋಡಿಕೊಳ್ಳುತ್ತಾನೆ ಎಂದು ಶಶಿಕುಮಾರ್ ನನ್ನ ಮುಖ ನೋಡದೆ ಹೇಳಿದರು. ಅಮೃತಾ ಅವರಿಂದ ಒಂದು ಸಾಲು ಬಂದಿತ್ತು: ಓದಿದ್ದೇನೆ, ಬುಧವಾರ ಬರುತ್ತೇನೆ. ಬಂದು ಏನು ಮಾಡುತ್ತಾರೋ ಗೊತ್ತಿಲ್ಲ. ಸುದೀಪ್ ಮಾತ್ರ ಏನೂ ಆಗಿಲ್ಲವೆಂಬಂತೆ ಹಲ್ಲು ಬಿಟ್ಟು, ಗುಂಪು ಮಾಡುವುದು ಹೇಗೆ ಅಕ್ಕ, ತೋರಿಸಿ ಎಂದ. ಅವನ ಬೆರಳುಗಳು ಕೀಲಿಮಣೆಯ ಮೇಲಿದ್ದವು. ಆ ಬೆರಳುಗಳನ್ನು ನೋಡಲಾಗದೆ ಡಬ್ಬಿ ತೆಗೆದುಕೊಂಡು ಹೊರಗೆ ಬಂದೆ.

ಗೋದಾಮಿನ ಮೆಟ್ಟಿಲ ಮೇಲೆ ಕಾಫಿ ಬೀಜ ಆರಿಸುವ ಹೆಂಗಸರು ಊಟಕ್ಕೆ ಕೂತಿದ್ದರು. ಅವರ ಕೈಯಲ್ಲಿ ಪೋರ್ಟಲ್ ಇಲ್ಲ, ಆದರೂ ಸುದ್ದಿ ಅವರಿಗೂ ತಲುಪಿತ್ತು. ಹಿರಿಯಳಾದ ಹುಚ್ಚಮ್ಮ ಸರಿದು ಜಾಗ ಮಾಡಿಕೊಟ್ಟಳು. ನಾನು ಡಬ್ಬಿ ಬಿಚ್ಚಿ ಒಂದು ತುತ್ತು ಕಲೆಸಿದ ಮೇಲೆ ಕೇಳಿದಳು.

"ಮೈ ಹೆಂಗದೆ ಮಗ, ಆ ಹೆಣ್ಣಿಗೆ? ರಕ್ತ ನಿಂತಿದ್ಯ?"

ಆ ಕಾಗದ ತೆರೆದ ಇಪ್ಪತ್ತಮೂರು ಜನರಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವಳ ಮನೆಯವರೆಗೆ ಹೋಗಿ, ಅವಳ ಮುಂದೆ ಕೂತು, ನಾನೂ ಕೇಳಿರಲಿಲ್ಲ.

ಗೊತ್ತಿಲ್ಲ ಎಂದೆ. ಕೈ ತೊಳೆದು ಬಂದು ಆನಂದನಿಗೆ ಫೋನ್ ಮಾಡಿ, ರಶ್ಮಿತಾಳ ಹತ್ತಿರ ಕೊಡು ಎಂದೆ. ಅವನು ನರ್ಸರಿಯ ಕಡೆ ನಡೆಯುವ ಸದ್ದು ಕೇಳುತ್ತಿತ್ತು.