ಕಾಲು ನೋಡಿ ಮಾತಾಡುವ ಮಾವ

ನನ್ನ ಅಕ್ಷರ ದುಂಡಗಿಲ್ಲ. ಒತ್ತಿ ಒತ್ತಿ ಬರೆಯುವುದರಿಂದ ಹಾಳೆಯ ಹಿಂಬದಿಯಲ್ಲೂ ಉಬ್ಬು ಮೂಡುತ್ತದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ನನ್ನಲ್ಲಿಲ್ಲ. ಓದುವವರು ಎರಡನ್ನೂ ಮನ್ನಿಸಬೇಕು.

ನನ್ನ ಸೋದರಮಾವ ಯಾರನ್ನೂ ಮುಖದಿಂದ ಗುರುತಿಸುವುದಿಲ್ಲ. ಬೂಟು, ಚಪ್ಪಲಿ ರಿಪೇರಿ ಮಾಡುವ ಅವರ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀದಿಗಿಂತ ಎರಡು ಮೆಟ್ಟಿಲು ಕೆಳಗಿದೆ. ಅಲ್ಲಿ ಕುಳಿತವರಿಗೆ ಕಿಟಕಿಯಿಂದ ಕಾಣುವುದು ಬರೀ ಕಾಲುಗಳು. ಹಿಮ್ಮಡಿಯನ್ನು ಒಳಮಗ್ಗುಲಿಗೆ ಸವೆಸುವವರು, ಬೆರಳ ತುದಿಯಲ್ಲಿ ನಡೆಯುವವರು, ಒಂದು ಕಾಲನ್ನು ತುಸು ಎಳೆಯುವವರು, ಎಲ್ಲರ ವೃತ್ತಾಂತವೂ ಅವರಿಗೆ ಗೊತ್ತು. ಅವರದೇ ನಡಿಗೆ ಮಾತ್ರ ವಿಚಿತ್ರ. ಎರಡು ಹೆಜ್ಜೆಗೊಮ್ಮೆ ಕೆಸರಿನ ಗುಂಡಿ ದಾಟಿದವರಂತೆ ಎಡಗಾಲನ್ನು ಎತ್ತಿ ಇಡುತ್ತಾರೆ. ಆ ಕಾಲಿನಲ್ಲಿ ಎರಡು ಬೆರಳಿಲ್ಲ.

ಆರು ವರ್ಷದ ಹಿಂದೆ ಅವರ ಕೈಯಿಂದಲೇ ಜಾರಿದ ಸಣ್ಣ ಮೊಳೆ ಅವರ ಬೂಟಿನೊಳಕ್ಕೇ ಬಿದ್ದಿತ್ತು. ಊರಿನವರ ಬೂಟಿನ ಮೊಳೆಗಳನ್ನೆಲ್ಲ ಕಿತ್ತವರು ತಮ್ಮ ಮೊಳೆಯ ಮೇಲೆ ಎರಡು ದಿನ ಓಡಾಡಿದರು. ನೋವೇ ಆಗಲಿಲ್ಲ. ಗೊತ್ತಿಲ್ಲದೆ ಮೈಯಲ್ಲಿದ್ದ ಸಕ್ಕರೆ ಕಾಯಿಲೆ ಕಾಲಿನ ಸ್ಪರ್ಶವನ್ನೇ ತಿಂದುಹಾಕಿತ್ತು. ಗಾಯ ಕೊಳೆತು ಎರಡು ಬೆರಳು ಹೋದವು.

ಅಂದಿನಿಂದ ಅವರಿಗೊಂದು ಹಟ. ಯಾರ ಬೂಟು ಬಂದರೂ ಮೊದಲು ಒಳಗೆ ಕೈ ಹಾಕಿ ತಡಕುತ್ತಾರೆ. ಕಲ್ಲೋ ಅಂಗಿಯ ಗುಂಡಿಯೋ ಸಿಕ್ಕಿ, ಬೂಟಿನವರಿಗೆ ಅದು ಗೊತ್ತೇ ಇರದಿದ್ದರೆ, ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿ, ಕಾಲ್ಬೆರಳನ್ನು ಹಗುರವಾಗಿ ಮುಟ್ಟಿ, ಯಾವ ಬೆರಳು ಹೇಳಿ ಎನ್ನುತ್ತಾರೆ. ತಪ್ಪು ಹೇಳಿದರೆ ಕೆಲಸವಿಲ್ಲ. ಓಣಿಯ ತುದಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಚೀಟಿ ತಂದರಷ್ಟೇ ಹೊಲಿಗೆ. ಹಿಮ್ಮಡಿ ಹಾಕಿಸೋಕೆ ಬಂದೆ, ಜಾತಕ ಕೇಳೋಕಲ್ಲ ಎಂದು ಒಬ್ಬ ವಕೀಲರು ಎದ್ದು ಹೋಗಿದ್ದರು. ಮರುವಾರ ಚೀಟಿ ಹಿಡಿದು ಅವರೇ ಬಂದರು.

ಸಿಕ್ಕ ವಸ್ತುವೆಲ್ಲ ಗಾಜಿನ ಜಾಡಿಗೆ. ಪ್ರತಿಯೊಂದಕ್ಕೂ ಮೇಣದ ದಾರದಲ್ಲಿ ಒಂದು ಚೀಟಿ: ‘ಇದರ ಮೇಲೆ ಒಬ್ಬರು ನಾಲ್ಕು ದಿನ ನಡೆದರು.’ ಹೆಸರಿಲ್ಲ. ಚೀಟಿ ಬರೆಯುವವಳು ನಾನು. ನನ್ನ ಅಕ್ಷರ ನಿಧಾನ ಮಾವ, ಅದಕ್ಕೇ ಶಾಲೆಯಲ್ಲಿ ಹಿಂದೆ ಬಿದ್ದೆ ಎಂದಾಗ ಅವರು ನನ್ನ ಚಪ್ಪಲಿ ನೋಡುತ್ತಾ ಹೇಳಿದ್ದರು: “ನಿಧಾನವಾಗಿ ಬರೆದಿದ್ದು ಕಣ್ಣು ಮಂಜಾದವರಿಗೂ ಕಾಣುತ್ತೆ ಮಗಳೇ. ನಂಗೆ ಅಂಥದ್ದೇ ಬೇಕು.”

ನನ್ನ ಅಪ್ಪ ಅಂಚೆ ಹಂಚುವವರು. ಒಂದು ವರ್ಷದಿಂದ ಅವರಿಗೆ ತೀರದ ಬಾಯಾರಿಕೆ. ಪರೀಕ್ಷೆ ಮಾಡಿಸು ಎಂದು ಮಾವ ಹೇಳಿದಾಗಲೆಲ್ಲ ಒಂದೇ ಉತ್ತರ: “ದಿನವೆಲ್ಲ ನಡೆಯೋನು ನಾನು ಭಾವ. ಆ ಕಾಯಿಲೆ ಕೂತು ತಿನ್ನೋರಿಗೆ.”

ಒಂದು ಗುರುವಾರ ಅಪ್ಪ ಕಿತ್ತುಹೋದ ಅಟ್ಟೆಯ ಬೂಟು ತಂದರು. ಜಾಡಿಗೆ ಬರೆದ ಚೀಟಿ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ. ಮಾವ ಒಳಗೆ ಕೈ ಹಾಕಿ ನೀಲಿ ಬಣ್ಣದ ಪೆನ್ನಿನ ಮುಚ್ಚಳ ತೆಗೆದರು. ನನ್ನದೇ. ನನ್ನ ಹಲ್ಲಿನ ಗುರುತು ಅದರ ಮೇಲಿತ್ತು; ಸೋಮವಾರದಿಂದ ಮನೆಯೆಲ್ಲ ಹುಡುಕಿದ್ದೆ.

ಮಾವ ಮುಚ್ಚಳವನ್ನು ಪಕ್ಕಕ್ಕಿಟ್ಟರು. ಅಪ್ಪನನ್ನು ಕೂರಿಸಿ ಕಣ್ಣು ಮುಚ್ಚಲು ಹೇಳಿದರು. ಯಾವ ಬೆರಳು ಎಂದರು.

ಅಪ್ಪ ನಗುತ್ತಲೇ ಇದ್ದರು. “ಮೊದಲು ಮುಟ್ಟು ಭಾವ, ಆಮೇಲೆ ಕೇಳು.”

ಮಾವನ ಬೆರಳು ಆಗಲೇ ಅಪ್ಪನ ಹೆಬ್ಬೆರಳಿನ ಮೇಲಿತ್ತು.

ಕಣ್ಣು ಬಿಟ್ಟು ನೋಡಿದ ಅಪ್ಪ ಬೂಟು ಕೊಡು ಎಂದು ರೇಗಿದರು. ಮಾವ ಎರಡೂ ಬೂಟನ್ನು ಕಂಕುಳಲ್ಲಿ ಇರುಕಿಕೊಂಡು, ತಮ್ಮ ಇನ್ನೊಂದು ಜೊತೆ ಮೆತ್ತನೆಯ ಚಪ್ಪಲಿಯನ್ನು ಅಪ್ಪನ ಮುಂದೆ ತಳ್ಳಿ, ಮೆಟ್ಟಿಲು ಹತ್ತಿ ಆಸ್ಪತ್ರೆಯ ಕಡೆ ನಡೆದೇಬಿಟ್ಟರು. ಮುಂದೆ ಗುಂಡಿ ದಾಟುತ್ತಾ ಮಾವ, ಹಿಂದೆ ಬೂಟಿಗಾಗಿ ಬೈಯುತ್ತಾ ಅಪ್ಪ. ಪೋಸ್ಟಿನವರ ಬೂಟು ಜಪ್ತಿಯಾಯ್ತಂತೆ ಎಂದು ಹಣ್ಣಿನಂಗಡಿಯವಳು ಓಣಿಗೆಲ್ಲ ಸಾರಿದಳು.

ಹೆಬ್ಬೆರಳ ಬುಡದಲ್ಲಿ ಗಾಯ ಕೀವು ಕಟ್ಟಲು ಶುರುವಾಗಿತ್ತು. ಸಕ್ಕರೆಯ ಅಂಕಿ ನೋಡಿ ನರ್ಸಮ್ಮ ಎರಡನೇ ಸಲ ಪರೀಕ್ಷಿಸಿದರು. “ಇನ್ನೊಂದು ವಾರ ಬಿಟ್ಟಿದ್ರೆ ಬೆರಳು ಕಳ್ಕೊತಿದ್ರಿ” ಎಂದರು. ಅಪ್ಪ ಮೊದಲ ಸಲ ಮಾವನ ಎಡಗಾಲನ್ನು ನೆಟ್ಟಗೆ ನೋಡಿದರು. ಎರಡು ತಿಂಗಳು ಮಾತ್ರೆ, ಪಥ್ಯ, ದಿನವೂ ಗಾಯಕ್ಕೆ ಪಟ್ಟಿ. ಹತ್ತಕ್ಕೆ ಹತ್ತು ಬೆರಳೂ ಉಳಿದವು.

ಲೋಕದ ಎಲ್ಲೆಡೆ ಈ ಕಾಯಿಲೆಯ ಬಗ್ಗೆ ತಿಳಿಸುವ ದಿನ ಮೊನ್ನೆ ಬಂತು. ಆ ದಿನದ ಗುರುತಾದ ನೀಲಿ ವೃತ್ತದ ಚಿತ್ರಗಳ ನಡುವೆ ಮಾವನ ಜಾಡಿಯನ್ನು ಆಸ್ಪತ್ರೆಯವರು ಅಂಗಳದ ಮೇಜಿನ ಮೇಲಿಟ್ಟರು. ಮಾತಾಡಿ ಎಂದರೆ ಮಾವ ಕಂಬದ ಮರೆಗೆ ಸರಿದರು. ಆಗ ಸಮವಸ್ತ್ರದಲ್ಲಿದ್ದ ಅಪ್ಪ ಮುಂದೆ ಬಂದು ನನ್ನ ಪೆನ್ನಿನ ಮುಚ್ಚಳವನ್ನು ಎತ್ತಿ ಹಿಡಿದರು.

“ಇದರ ಮೇಲೆ ನಿಂತು ಮೂರು ದಿನ ನಿಮ್ಮ ಮನೆಗಳಿಗೆ ಕಾಗದ ಕೊಟ್ಟಿದ್ದೀನಿ. ನಂಗೆ ಗೊತ್ತೇ ಆಗ್ಲಿಲ್ಲ.”

ಆಮೇಲೆ ಪರೀಕ್ಷೆಯ ಸಾಲು ಗೇಟು ದಾಟಿ ಬೀದಿಗೆ ಬಂತು. ನರ್ಸಮ್ಮ ಇನ್ನೊಂದು ಪೆಟ್ಟಿಗೆ ಸೂಜಿ ತರಿಸಬೇಕಾಯಿತು. ಸಂಜೆ ಎಷ್ಟು ಜನ ಬಂದಿದ್ದರು ಎಂದು ಕೇಳಿದರೆ ಮಾವ, ಇನ್ನೂರ ಹನ್ನೆರಡು ಕಾಲು ಎಂದರು. ಅವರು ಮುಖವೆತ್ತಿ ನಕ್ಕಿದ್ದನ್ನು ನಾನು ಅಂದೇ ಕಂಡದ್ದು.

ತಾವು ಬಿದ್ದ ಜಾಗವನ್ನು ಮುಚ್ಚಿಡುವವರೇ ಹೆಚ್ಚು. ಅದರ ಪಕ್ಕದಲ್ಲೇ ಅಂಗಡಿ ಇಟ್ಟು, ಬೈಸಿಕೊಂಡರೂ ಬಿಡದೆ, ಬರುವ ಒಬ್ಬೊಬ್ಬರನ್ನೂ ತಡೆದು ನಿಲ್ಲಿಸುವವರು ಕೆಲವರಿದ್ದಾರೆ. ಲೋಕಕ್ಕೆ ತಿಳಿವಳಿಕೆ ಬರುವುದು ಇಂಥವರಿಂದ, ಎರಡೆರಡೇ ಕಾಲುಗಳ ಲೆಕ್ಕದಲ್ಲಿ ಎಂದು ನನಗನ್ನಿಸುತ್ತದೆ.

ಮುಚ್ಚಳ ಈಗ ಜಾಡಿಯಲ್ಲಿದೆ, ಚೀಟಿಯಿಲ್ಲದೆ. ಬರೆಯಲು ಇಷ್ಟು ದಿನ ಕೈ ಬಂದಿರಲಿಲ್ಲ. “ನನ್ನ ಹೆಸರು ಹಾಕೇ ಬರಿ” ಎಂದಿದ್ದಾರೆ ಅಪ್ಪ. ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ, ದೊಡ್ಡ ಅಕ್ಷರದಲ್ಲಿ, ಹೆಸರು ಹಾಕಿಯೇ ಬರೆಯುತ್ತೇನೆ.