ಸೀಬೆಕಾಯಿಯಷ್ಟು ಮನೆ

ಉಪವಾಸದ ತಿಂಗಳು ಮುಗಿದ ಮೇಲೆ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ನೆರೆಯ ಯಾತೆಮಿ ಬಾಯಿ ಬಿಟ್ಟಳು.

"ಏನ್ ಮಾಕ್ ಕಾಸಿನಾ, ನಿನ್ ಸೊಸೆ ಈ ಸಲ ಒಂದು ಉಪವಾಸಾನೂ ಬಿಡ್ಲಿಲ್ಲ, ಮಸೀದೀಲಿ ಒಂದು ರಾತ್ರೀನೂ ತಪ್ಪಿಸ್ಲಿಲ್ಲ. ಮತ್ತೆ ಬಸುರಾ, ಇಲ್ಲಾ ಈಗ್ಲೇ ಮುದುಕಿಯಾದ್ಲಾ?"

"ನಿನ್ ಬಟ್ಟೆ ಒಗಿ" ಎಂದಳು ಊರಿಗೆಲ್ಲ ಮಾಕ್, ಅಂದರೆ ಅಮ್ಮ, ಆಗಿದ್ದ ಕಾಸಿನಾ.

ಮುಟ್ಟಾದವರು ಉಪವಾಸ ಮಾಡುವಂತಿಲ್ಲ, ನಮಾಜಿನ ಸಾಲಿಗೆ ಬರುವಂತಿಲ್ಲ. ಹಾಗಾಗಿ ಯಾರ ಮೈಯಲ್ಲಿ ಏನಾಗಿದೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಕಾಸಿನಾಗೆ ಉರಿದದ್ದು ಬೇರೆ ಕಾರಣಕ್ಕೆ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮನೆಮನೆಗೆ ಜಾಮು ಎಂಬ ಬೇರುನಾರಿನ ಕಷಾಯ ಮಾರುವವಳು ಅವಳು. ನಿಂತ ಮುಟ್ಟು ಇಳಿಸುವುದರಲ್ಲಿ ಅವಳ ಕೈಗುಣ ದೊಡ್ಡದು ಎಂದು ಹೆಸರು. ಅಂಥವಳು ಸೊಸೆ ರತ್ಮಿಗೆ ಅರಿಶಿನ, ಹುಣಿಸೆ ಕುದಿಸಿ ಕುದಿಸಿ ಕುಡಿಸಿದರೂ ಒಂದು ಹನಿ ಇಳಿದಿರಲಿಲ್ಲ.

ಎಲ್ಲಾ ರತ್ಮಿ ಕೆಲವು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಆ ಬಸುರು ತಡೆಯುವ ಸೂಜಿಯಿಂದ. ಮೊದಲು ಹೊತ್ತುಗೊತ್ತಿಲ್ಲದೆ ಜಿನುಗಿತು, ಆಮೇಲೆ ನಿಂತೇಹೋಯಿತು. ಕೆಟ್ಟ ರಕ್ತ ಒಳಗೇ ಕಟ್ಟಿಕೊಂಡು ಕೊಳೆಯುತ್ತಿದೆ, ಇವತ್ತಲ್ಲ ನಾಳೆ ತಲೆಗೇರುತ್ತದೆ ಎಂದು ಕಾಸಿನಾ ಹೆದರಿದ್ದಳು. ಹಾಗೆಂದು ಸೂಜಿ ಬಿಡಿಸುವುದು ಹೇಗೆ? ಮೂರನೆಯ ಹೆರಿಗೆಯಲ್ಲಿ ರತ್ಮಿಯ ರಕ್ತ ಚಾಪೆ ದಾಟಿ ನೆಲದ ಮೇಲೆ ಹರಿದಿತ್ತು. ಅದನ್ನು ಒರೆಸಿದ್ದು ಕಾಸಿನಾಳೇ. ಇನ್ನೊಂದು ಬಸುರು ನಿಂತರೆ ಜೀವ ಉಳಿಯುವುದು ಕಷ್ಟ ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದ್ದರು. ರಕ್ತ ಹರಿದರೂ ಭಯ, ನಿಂತರೂ ಭಯ. ಎದುರಿಗೆ ಕಾಣುವ ಭಯವೇ ದೊಡ್ಡದಾಗಿ ತೋರುತ್ತದೆ. ಮುಂದಿನ ಸೂಜಿಯ ದಿನ ಅವಳೂ ಸೊಸೆಯ ಹಿಂದೆಯೇ ಹೊರಟಳು, ತಡೆಯಲಿಕ್ಕೆ.

ಆರೋಗ್ಯ ಕೇಂದ್ರದಲ್ಲಿ ಹೆರಿಗೆ ದಾದಿ ಹರ್ತಾತಿ ಇದ್ದಳು.

"ಇವತ್ತು ಸೂಜಿ ಬೇಡ" ಎಂದು ಕಾಸಿನಾ ಬಾಗಿಲಲ್ಲೇ ಶುರು ಮಾಡಿದಳು. "ಒಳಗಿನ ಹೊಲಸು ಮೊದಲು ಹೊರಗೆ ಬರ್ಲಿ."

"ಮಾಕ್, ಸುಮ್ನಿರಿ" ಎಂದಳು ರತ್ಮಿ. "ಸಾಯೋಳು ನಾನು, ಅಳೋಳು ನೀವು."

"ಅದಕ್ಕೇ ಬಂದಿರೋದು ಕಣೇ, ಅಳೋದು ಬೇಡ ಅಂತ."

ಹರ್ತಾತಿ ವಾದಕ್ಕೆ ಇಳಿಯಲಿಲ್ಲ. ರತ್ಮಿಯನ್ನು ಮಲಗಿಸಿ ಹೊಟ್ಟೆಗೆ ತಣ್ಣನೆಯ ಲೋಳೆ ಸವರಿ ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಒತ್ತಿದಳು. ಪರದೆಯ ಮೇಲೆ ಬೂದು ಬಣ್ಣದ ಮಳೆ ಸುರಿದಂತಾಯಿತು. ಮಳೆಯ ನಡುವೆ ಒಂದು ಪುಟ್ಟ ಆಕಾರ ನಿಂತಿತು.

"ನೋಡಿ ಮಾಕ್, ಇದೇ ಗರ್ಭಕೋಶ. ಬಸುರಿಲ್ಲ. ರಕ್ತ ಕಟ್ಟಿದ್ರೆ ಇಲ್ಲಿ ಕಪ್ಪಗೆ ತುಂಬಿಕೊಂಡಿರ್ತಿತ್ತು. ಇಲ್ನೋಡಿ, ಮಧ್ಯೆ ಒಂದು ತೆಳ್ಳನೆ ಗೆರೆ, ಅಷ್ಟೇ."

"ಹಾಗಾದ್ರೆ ರಕ್ತ ಎಲ್ಲಿ ಹೋಯ್ತು?"

"ಹುಟ್ಟೇ ಇಲ್ಲ. ತಿಂಗಳು ತಿಂಗಳು ಗರ್ಭ ಮಗೂಗೆ ಅಂತ ಹಾಸಿಗೆ ಹಾಸುತ್ತೆ. ಮಗು ಬರ್ದಿದ್ರೆ ಆ ಹಾಸಿಗೇನೇ ಕಳಚಿ ಹೊರಗೆ ಹಾಕುತ್ತೆ, ಅದು ಮುಟ್ಟು. ಈ ಸೂಜಿ ಹಾಸಿಗೆ ದಪ್ಪ ಆಗಕ್ಕೇ ಬಿಡಲ್ಲ. ಹಾಸದೇ ಇದ್ದಿದ್ದನ್ನ ಕಳಚೋದು ಹೇಗೆ? ಸೂಜಿ ಬಿಟ್ಟ ಮೇಲೆ ಮತ್ತೆ ಮುಟ್ಟು ಬರುತ್ತೆ, ನಿಧಾನ ಆಗ್ಬಹುದು."

ಕಾಸಿನಾ ಕೇಳುತ್ತಿದ್ದಂತೆ ಕಾಣಲಿಲ್ಲ. ಪರದೆಯ ಹತ್ತಿರ ಮುಖ ಒಯ್ದಿದ್ದಳು.

"ಎಷ್ಟು ದೊಡ್ಡದಿದೆ ಇದು?"

"ಒಂದು ಸೀಬೆಕಾಯಿಯಷ್ಟು."

ಹೊರಗೆ, ಜೊತೆಗೆ ಬಂದಿದ್ದ ಮೊಮ್ಮಕ್ಕಳು ಬಾಳೆಹಣ್ಣಿನ ಬಜ್ಜಿಗೆ ಕಿತ್ತಾಡುತ್ತಿದ್ದರು. ದೊಡ್ಡವನು ಗಿಲಾಂಗ್, ತೂಕದ ಮಗು ಎಂದು ಹುಟ್ಟಿದಾಗಲೇ ಹೆಸರಾದವನು.

"ಆ ದಡಿಯ ಇದ್ರೊಳಗಿದ್ನಾ?"

"ಮೂವರೂ ಇಲ್ಲೇ ಇದ್ರು. ಹಿಗ್ಗಿ ಹಿಗ್ಗಿ ಎದೆಗೂಡಿನ ತನಕ ಬಂದಿತ್ತು. ಆಮೇಲೆ ಮತ್ತೆ ಇಷ್ಟಾಯ್ತು."

ಎಷ್ಟು ಹೆಂಗಸರ ಹೊಟ್ಟೆ ನೀವಿದ್ದಳು ಕಾಸಿನಾ. ಇಳಿ, ಇಳಿ ಎಂದು ಎಷ್ಟು ಕಷಾಯ ಕಳಿಸಿದ್ದಳು ಆ ಕತ್ತಲಿಗೆ. ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ಅಲ್ಲಿ ಹೊಲಸು ಇರಲಿಲ್ಲ. ದುಡಿದು ಮಲಗಿದ ಜೀವದ ಹಾಗೆ ಆ ಪುಟ್ಟ ಮನೆ ಸುಮ್ಮನೆ ಒರಗಿತ್ತು. ಅವಳಿಗರಿವಿಲ್ಲದೆ ಕೈ ತಲೆವಸ್ತ್ರವನ್ನು ಸರಿಮಾಡಿಕೊಂಡಿತು, ಮಸೀದಿಯ ಮೆಟ್ಟಿಲಲ್ಲಿ ಮಾಡಿಕೊಳ್ಳುವ ಹಾಗೆ. ಇನ್ನೊಂದು ಕೈ ತನ್ನ ಒಣಗಿದ ಹೊಟ್ಟೆಯ ಮೇಲೆ ಬಂದು ಕೂತಿತ್ತು.

"ಈಗೇನ್ ಮಾಡ್ಲಿ ಮಾಕ್?" ಎಂದಳು ಹರ್ತಾತಿ.

"ಸೂಜಿ ಕೊಡು. ಮಲಗಿರೋದನ್ನ ಎಬ್ಬಿಸ್ಬೇಡ." ಮುದುಕಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಆದ್ರೆ ಯಂತ್ರ ಈಗ್ಲೇ ಆರಿಸ್ಬೇಡ. ಇನ್ನೊಂಚೂರು ನೋಡ್ತೀನಿ."